ಕೆಪಾಸಿಟರ್ ಬದಲಾಯಿಸಿದ ಮೇಲೆ ಸಿಬಿ ರೇಡಿಯೊ ದನಿ ಒಡೆದು ಬರುತ್ತಿದೆ, ಎಲ್ಲಿಂದ ಹುಡುಕಲಿ?

ತಂತಿಮನೆ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ಬಗೆಹರಿಯುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು ಹಳೆಯ 40 ಚಾನೆಲ್ ಸಿಬಿ (ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೊ) ಸೆಟ್. ಗಾಡಿಗೆ ಹಾಕುವಂಥದ್ದು, ಎಎಂ ಮಾತ್ರ. ಅಪ್ಪ ಬಳಸುತ್ತಿದ್ದರು, ಆಮೇಲೆ ಅಟ್ಟ ಸೇರಿತ್ತು. ಹೋದ ತಿಂಗಳು ಇಳಿಸಿ 13.8 ವೋಲ್ಟ್ ಕೊಟ್ಟೆ. ಕೆಲಸ ಮಾಡಿತು! ದನಿ ಸ್ವಲ್ಪ ಕಡಿಮೆ ಇತ್ತು, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಅಷ್ಟೇ. ಪೂರ್ತಿ ಒಳ್ಳೇದು ಮಾಡಿಬಿಡೋಣ ಅಂತ ಕೈ ಹಾಕಿದೆ.

ಮಾಡಿದ್ದು ಇಷ್ಟು. ಆಡಿಯೊ ಕಡೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೆಲ್ಲಾ ಬದಲಾಯಿಸಿದೆ, ಒಟ್ಟು 14. ವಾಲ್ಯೂಮ್ ಕಂಟ್ರೋಲ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಮೈಕಿನ ವೈರು ಬುಡದಲ್ಲಿ ಸೀಳಿತ್ತು, ಅಷ್ಟು ಕತ್ತರಿಸಿ ನಾಲ್ಕು ಪಿನ್ನಿನ ಪ್ಲಗ್‌ಗೆ ಮತ್ತೆ ಬೆಸುಗೆ ಹಾಕಿದೆ. ನಡುವೆ ಒಂದು ಪುಟ್ಟ ಸೆರಾಮಿಕ್ ಕೆಪಾಸಿಟರಿನ ಕಾಲು ಮುರಿಯಿತು, ಅದಕ್ಕೂ ಹೊಸದು ಹಾಕಿದೆ.

ಈಗ ಬರುವ ದನಿ ಹರಿದ ಬಟ್ಟೆ ತರಹ ಇದೆ. ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೂ ಇದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಮೊದಲಿನ ಅರ್ಧ ಇಲ್ಲ. ನಾನು ಮಾತಾಡಿದರೆ ಗೆಳೆಯನ ಸೆಟ್ಟಿನಲ್ಲಿ ಕ್ಯಾರಿಯರ್ (ದನಿ ಹೊತ್ತು ತರುವ ರೇಡಿಯೊ ಅಲೆ) ಚೆನ್ನಾಗಿ ಕಾಣಿಸುತ್ತದಂತೆ, ದನಿ ಮಾತ್ರ ಸಣ್ಣಗೆ ಒಡೆದು ಬರುತ್ತದಂತೆ. ಒಮ್ಮೊಮ್ಮೆ ಸ್ಪೀಕರ್ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ, ಸೆಟ್ ತಟ್ಟಿದರೆ ಮತ್ತೆ ಶುರು.

ಎಲ್ಲಿಂದ ಶುರು ಮಾಡಲಿ?

ಅಲೆಮಾರಿ_ಸಿಬಿ:
ಮೊದಲು ಬೇರೆ ಸ್ಪೀಕರ್ ಹಾಕಿ ನೋಡಿ. ಹಿಂದೆ ಎಕ್ಸ್‌ಟರ್ನಲ್ ಸ್ಪೀಕರ್ ಜ್ಯಾಕ್ ಇರುತ್ತೆ. ಅಟ್ಟದಲ್ಲಿದ್ದ ಸ್ಪೀಕರಿನ ಕಾಗದ ಕೋನ್ ಹೋಗಿರಬಹುದು.

27ಮೆಗಾ:
ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಮಾಡುತ್ತಿದ್ದ ಸೆಟ್ಟಿನಲ್ಲಿ ಹದಿನಾಲ್ಕು ಕೆಪಾಸಿಟರನ್ನು ಒಂದೇ ಸಲ ಯಾಕೆ ಕಿತ್ತಿರಿ? ಇವತ್ತು ಎಲ್ಲರೂ ಇದನ್ನೇ ಮಾಡುತ್ತಾರೆ. ಯಾವುದು ಕೆಟ್ಟಿದೆ ಅಂತ ಅಳೆಯುವುದೇ ಇಲ್ಲ. ಈಗ ತಪ್ಪು ಹದಿನಾಲ್ಕು ಕಡೆ ಎಲ್ಲಿ ಬೇಕಾದರೂ ಇರಬಹುದು.

ಕಾಗೆಬಂಗಾರ:
ಹಳೆ ಎಲೆಕ್ಟ್ರೊಲಿಟಿಕ್ ಒಣಗುತ್ತೆ ಸ್ವಾಮಿ. ಒಳಗಿನ ದ್ರವ ಆರಿದರೆ ಅದರ ಮೈಕ್ರೊಫ್ಯಾರಡ್ ಅಳತೆ ಇಳಿಯುತ್ತೆ, ಇಎಸ್‌ಆರ್ (ಒಳಗಿನ ಪ್ರತಿರೋಧ) ಏರುತ್ತೆ. ಬದಲಾಯಿಸಿದ್ದರಲ್ಲಿ ತಪ್ಪೇನಿದೆ?

27ಮೆಗಾ:
ಬದಲಾಯಿಸಿದ್ದು ತಪ್ಪು ಅಂದೆನಾ? ಒಂದೇ ಉಸಿರಿಗೆ ಎಲ್ಲಾ ಬದಲಾಯಿಸಿದ್ದು ತಪ್ಪು. ಎರಡು ಹಾಕು, ಆನ್ ಮಾಡು, ಕೇಳು. ಮತ್ತೆ ಎರಡು. ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಆ ಕ್ಷಣಕ್ಕೇ ಗೊತ್ತಾಗುತ್ತೆ.

ಶ್ರುತಿಪೆಟ್ಟಿಗೆ:
ಇಬ್ಬರ ಮಾತೂ ಸರಿ ಇದೆ, ಆ ಜಗಳ ಆಮೇಲೆ ಇಟ್ಟುಕೊಳ್ಳೋಣ. ಅವರು ಬರೆದಿದ್ದರಲ್ಲೇ ದೊಡ್ಡ ಸುಳಿವು ಇದೆ.

ತಂತಿಮನೆಯವರೇ, ನಿಮಗೆ ಕೇಳಿಸುವ ದನಿಯೂ ಒಡೆದಿದೆ, ನೀವು ಕಳಿಸುವ ದನಿಯೂ ಒಡೆದಿದೆ. ಎಎಂ ಸಿಬಿಯಲ್ಲಿ ಸಾಮಾನ್ಯವಾಗಿ ಈ ಎರಡಕ್ಕೂ ಸೇರಿ ಇರುವುದು ಒಂದೇ ಆಡಿಯೊ ಪವರ್ ಐಸಿ. ಕೇಳುವಾಗ ಅದು ಸ್ಪೀಕರ್ ನಡೆಸುತ್ತೆ. ಬಟನ್ ಒತ್ತಿದಾಗ ಅದೇ ಐಸಿ ಮೈಕಿನ ದನಿಯನ್ನು ಹಿಗ್ಗಿಸಿ, ಆಡಿಯೊ ಟ್ರಾನ್ಸ್‌ಫಾರ್ಮರ್ ಮೂಲಕ ಫೈನಲ್ ಟ್ರಾನ್ಸಿಸ್ಟರಿನ (ಆಂಟೆನಾಗೆ ಅಲೆ ಕಳಿಸುವ ಕೊನೆಯ ಹಂತ) ಸಪ್ಲೈಯನ್ನು ಏರಿಳಿಸುತ್ತೆ. ಮಾಡ್ಯುಲೇಶನ್ ಅಂದರೆ ಅದೇ.

ಅಂದರೆ ಸ್ಪೀಕರಿನ ಮೇಲೆ ಅನುಮಾನ ಬೇಡ. ಸ್ಪೀಕರ್ ಕೆಟ್ಟರೆ ನಿಮ್ಮ ಗೆಳೆಯನಿಗೆ ಯಾಕೆ ಒಡೆದು ಕೇಳಬೇಕು? ಇಬ್ಬರಿಗೂ ಸೇರಿದ ಜಾಗದಲ್ಲಿ ಹುಡುಕಿ: ಐಸಿ, ಅದರ ಸುತ್ತಲ ಕೆಪಾಸಿಟರುಗಳು, ಟ್ರಾನ್ಸ್‌ಫಾರ್ಮರ್.

ಅಲೆಮಾರಿ_ಸಿಬಿ:
ಹೌದಲ್ವಾ ಮೇಡಂ. ಆ ಎರಡನೇ ಭಾಗ ನಾನು ಗಮನಿಸಲೇ ಇಲ್ಲ.

ಹಳೇಬೆಸುಗೆ:
ಶ್ರುತಿಪೆಟ್ಟಿಗೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಮಾತು ಸೇರಿಸುತ್ತೇನೆ. 4 ವಾಟ್ ಕ್ಯಾರಿಯರನ್ನು ಪೂರ್ತಿ ಮಾಡ್ಯುಲೇಟ್ ಮಾಡಬೇಕಾದರೆ ಫೈನಲ್‌ಗೆ ಹೋಗುವ ಡಿಸಿ ಪವರಿನ ಅರ್ಧದಷ್ಟನ್ನು ಆಡಿಯೊ ಐಸಿ ಕೊಡಬೇಕು. ಅಂದರೆ ಮೂರು ನಾಲ್ಕು ವಾಟ್. ಐಸಿ ಸೊರಗಿದರೆ ಮಾಡ್ಯುಲೇಶನ್ ಮೊದಲು ಸಾಯುತ್ತೆ.

ನಿಮ್ಮ ಸೆಟ್ಟಿನಲ್ಲಿರುವ ಐಸಿ ಯಾವುದು? ಹೀಟ್‌ಸಿಂಕಿಗೆ ಸ್ಕ್ರೂ ಹಾಕಿರುತ್ತಾರೆ, ನಂಬರ್ ಓದಿ ಹೇಳಿ. ಮಲ್ಟಿಮೀಟರ್ ಇದೆ ತಾನೆ?

ತಂತಿಮನೆ:
ಮಲ್ಟಿಮೀಟರ್ ಇದೆ. ಐಸಿ ಮೇಲೆ ಟಿಡಿಎ2003 ಅಂತಿದೆ. ಐದು ಕಾಲು.

ಹಳೇಬೆಸುಗೆ:
ಒಳ್ಳೆಯ ಐಸಿ, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕಾಲುಗಳನ್ನು ಹೀಗೆ ಎಣಿಸಿ. 1 ಇನ್‌ಪುಟ್, 2 ಫೀಡ್‌ಬ್ಯಾಕ್, 3 ಗ್ರೌಂಡ್, 4 ಔಟ್‌ಪುಟ್, 5 ಸಪ್ಲೈ. ಬೆನ್ನಿನ ಲೋಹದ ತಗಡು 3ನೇ ಕಾಲಿಗೆ ಸೇರಿದೆ, ಅದು ಗ್ರೌಂಡ್.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಪ್ರೋಬ್ ಚಾಸಿಗೆ (ಸೆಟ್ಟಿನ ಲೋಹದ ಚೌಕಟ್ಟಿಗೆ). ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಬರುವ ಸದ್ದನ್ನು ತಡೆಯುವ ಕಂಟ್ರೋಲ್) ಮುಚ್ಚಿ, ವಾಲ್ಯೂಮ್ ಪೂರ್ತಿ ಇಳಿಸಿ. ಈಗ 5ನೇ ಕಾಲು, ಆಮೇಲೆ 4ನೇ ಕಾಲು ಅಳೆಯಿರಿ. 4ರಲ್ಲಿ 5ರ ಸುಮಾರು ಅರ್ಧ ಬರಬೇಕು. 13 ವೋಲ್ಟ್ ಇದ್ದರೆ ಆರೂವರೆ ಹತ್ತಿರ. ಅರ್ಧದಲ್ಲಿ ನಿಂತರೆ ಮಾತ್ರ ದನಿಯ ಅಲೆ ಮೇಲೂ ಕೆಳಗೂ ಸಮನಾಗಿ ಆಡಲು ಜಾಗ ಇರುತ್ತೆ.

ಪ್ರೋಬ್ ಜಾರಿ ಎರಡು ಕಾಲು ಮುಟ್ಟದ ಹಾಗೆ ಜೋಪಾನ. ತುದಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿಕೊಳ್ಳಿ.

ಟಕಟಕ:
ಇಷ್ಟೆಲ್ಲಾ ಯಾಕೆ ಗುರು? ಮಾಡ್ಯುಲೇಶನ್ ಕಡಿಮೆ ಅಂದರೆ ಅದನ್ನು ಮಿತಿಯಲ್ಲಿ ಹಿಡಿದಿಡುವ ಲಿಮಿಟರ್ ಟ್ರಾನ್ಸಿಸ್ಟರಿನ ಕಾಲು ಕತ್ತರಿಸಿ. ದನಿ ಗುಡುಗುತ್ತೆ. ನಾನು ಎರಡು ಸೆಟ್ಟಿಗೆ ಮಾಡಿದ್ದೇನೆ.

27ಮೆಗಾ:
ದಯವಿಟ್ಟು ಆ ಸಲಹೆ ಯಾರೂ ತೆಗೆದುಕೊಳ್ಳಬೇಡಿ. ನೂರು ಶೇಕಡಾ ದಾಟಿದರೆ ಅಲೆಯ ತಳದಲ್ಲಿ ಕ್ಯಾರಿಯರ್ ಪೂರ್ತಿ ಕತ್ತರಿಸಿ ಹೋಗುತ್ತೆ. ಅಲ್ಲಿ ಹುಟ್ಟುವ ಕಸ ಪಕ್ಕದ ಚಾನೆಲ್‌ಗಳಿಗೆ ಚೆಲ್ಲುತ್ತೆ. ಚಾನೆಲ್ ನಡುವೆ ಇರುವುದೇ 10 ಕಿಲೊಹರ್ಟ್ಸ್. ನಿಮ್ಮ ಗುಡುಗು ಪಕ್ಕದವರಿಗೆ ಬರೀ ಗಲಾಟೆ.

ಟಕಟಕ:
ನನಗೆ ಯಾರೂ ದೂರು ಹೇಳಿಲ್ಲ.

27ಮೆಗಾ:
ಗಲಾಟೆಯಲ್ಲಿ ನಿಮ್ಮ ಹೆಸರೇ ಕೇಳಿಸದಿದ್ದರೆ ಯಾರಿಗೆ ಅಂತ ದೂರು ಹೇಳುತ್ತಾರೆ?

ಶ್ರುತಿಪೆಟ್ಟಿಗೆ:
ಅದೂ ಅಲ್ಲದೆ ಇಲ್ಲಿ ಲಿಮಿಟರ್ ಕತ್ತರಿಸಿದರೆ ಏನೂ ಉಪಯೋಗ ಇಲ್ಲ. ಒಡೆದ ದನಿಯನ್ನು ಇನ್ನಷ್ಟು ಒತ್ತಿದ ಹಾಗಾಗುತ್ತೆ. ಲಿಮಿಟರ್ ಇರುವುದು ಕಳಿಸುವಾಗ. ಇವರಿಗೆ ಕೇಳುವ ದನಿಯೂ ಕೆಟ್ಟಿದೆ.

ಮೌನಚಾನೆಲ್:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇಂಥದ್ದೇ ಸೆಟ್. ಡಬ್ಬಿ ಬಿಚ್ಚಿ ಧೂಳು ಹೊಡೆದು ಮುಚ್ಚಿದೆ, ಅಷ್ಟೇ. ಈಗ ದನಿಯೇ ಇಲ್ಲ. ಲೈಟು ಉರಿಯುತ್ತೆ, ಸಿಗ್ನಲ್ ಮೀಟರ್ ಆಡುತ್ತೆ. ಬೇರೆ ಚರ್ಚೆ ಶುರು ಮಾಡಲಾ, ಇಲ್ಲೇ ಕೇಳಲಾ?

ಅಲೆಮಾರಿ_ಸಿಬಿ:
ಇಲ್ಲೇ ಕೇಳಿ. ಮೈಕ್ ಹಾಕಿದ್ದೀರಾ? ಎಷ್ಟೋ ಸೆಟ್ಟಿನಲ್ಲಿ ಸ್ಪೀಕರಿನ ದಾರಿ ಮೈಕಿನ ಬಟನ್ ಮೂಲಕವೇ ಹೋಗುತ್ತೆ. ಮೈಕ್ ಕಿತ್ತಿಟ್ಟರೆ ಸೆಟ್ ಮೂಕ. ನಾನು ಒಂದು ಸಲ ಅರ್ಧ ದಿನ ಇದಕ್ಕೇ ಕಳೆದಿದ್ದೇನೆ.

ಮೌನಚಾನೆಲ್:
ಮೈಕ್ ಹಾಕಿದ್ದೇನೆ ಅಣ್ಣ.

ಕಾಗೆಬಂಗಾರ:
ಮುಂದೆ ಸಿಬಿ-ಪಿಎ ಅಂತ ಸ್ವಿಚ್ ಇದೆಯಾ? (ಪಿಎ ಅಂದರೆ ಸೆಟ್ಟನ್ನು ಹೊರಗಿನ ಧ್ವನಿವರ್ಧಕಕ್ಕೆ ಬಳಸುವುದು.) ಒರೆಸುವಾಗ ಪಿಎ ಕಡೆಗೆ ಹೋಗಿರುತ್ತೆ. ಸಿಬಿ ಕಡೆ ಇದ್ದರೂ ಇಪ್ಪತ್ತು ಸಲ ಅತ್ತಿತ್ತ ಮಾಡಿ. ಹಿಂದಿನ ಸ್ಪೀಕರ್ ಜ್ಯಾಕಿಗೂ ಒಂದು ಪಿನ್ ಹಾಕಿ ತೆಗೆದು ಮಾಡಿ. ಜ್ಯಾಕಿನ ಒಳಗೆ ಒಂದು ತಗಡಿನ ನಾಲಿಗೆ ಇದೆ. ಪಿನ್ ಇಲ್ಲದಾಗ ಅದು ಒಳಗಿನ ಸ್ಪೀಕರಿಗೆ ದನಿ ಕೊಡಬೇಕು. ಕಿಲುಬು ಹಿಡಿದರೆ ಕೊಡುವುದಿಲ್ಲ.

ತಂತಿಮನೆ:
ಅಳೆದೆ. 5ನೇ ಕಾಲಿನಲ್ಲಿ 13.1. 4ನೇ ಕಾಲಿನಲ್ಲಿ ಶುರುವಿಗೆ 5.2 ಇತ್ತು. ನೋಡುತ್ತಿದ್ದ ಹಾಗೇ ಇಳಿಯಿತು. ಒಂದು ನಿಮಿಷಕ್ಕೆ 4.3. ಹೀಟ್‌ಸಿಂಕ್ ಮುಟ್ಟಿದರೆ ಕೈ ಇಡಲು ಆಗುತ್ತಿಲ್ಲ, ಅಷ್ಟು ಬಿಸಿ. ಆಗಿನ್ನೂ ವಾಲ್ಯೂಮ್ ಸೊನ್ನೆಯಲ್ಲಿತ್ತು.

ಐಸಿ ಸುಟ್ಟಿದೆಯಾ? ಹೊಸದು ತರಿಸಲಾ?

ಹಳೇಬೆಸುಗೆ:
ಈಗಲೇ ಆಫ್ ಮಾಡಿ. ಈ ಉತ್ತರ ಓದುವಾಗ ಅದು ಆನ್ ಇರಬಾರದು.

ದನಿಯೇ ಇಲ್ಲದಾಗ ಐಸಿ ಬಿಸಿಯಾಗುತ್ತಿದೆ ಅಂದರೆ ಔಟ್‌ಪುಟ್‌ನಿಂದ ಡಿಸಿ ಎಲ್ಲೋ ಹರಿದು ಹೋಗುತ್ತಿದೆ. 4ನೇ ಕಾಲಿನ ಮುಂದೆ ಒಂದು ದೊಡ್ಡ ಕೆಪಾಸಿಟರ್ ಇರಬೇಕು, 470 ಅಥವಾ 1000 ಮೈಕ್ರೊಫ್ಯಾರಡ್. ಅದರ ಕೆಲಸವೇ ದನಿಯನ್ನು ಬಿಟ್ಟು ಡಿಸಿಯನ್ನು ತಡೆಯುವುದು. ಅದನ್ನೂ ಬದಲಾಯಿಸಿದ್ದೀರಿ ಅಲ್ವಾ? ಅದರ ಪ್ಲಸ್ ಯಾವ ಕಡೆ ಇದೆ ನೋಡಿ. ಪ್ಲಸ್ ಐಸಿಯ ಕಡೆ ಇರಬೇಕು, ಮೈನಸ್ ಟ್ರಾನ್ಸ್‌ಫಾರ್ಮರ್ ಕಡೆ.

ಮುಖವನ್ನು ಬೋರ್ಡಿನ ಮೇಲೆ ಬಗ್ಗಿಸಬೇಡಿ. ಉಲ್ಟಾ ಹಾಕಿದ ಎಲೆಕ್ಟ್ರೊಲಿಟಿಕ್ ಬಿಸಿಯಾಗಿ ಒಡೆಯುತ್ತೆ. ನನ್ನ ಕಣ್ಣೆದುರೇ ಒಂದು ಹಾರಿ ಗೋಡೆಗೆ ಬಡಿದಿದೆ. ಆ ಹಬೆ ಕಣ್ಣಿಗೆ ತಾಗಿದರೆ ಕಷ್ಟ. ಕನ್ನಡಕ ಹಾಕಿಕೊಂಡು ನೋಡಿ.

ಶ್ರುತಿಪೆಟ್ಟಿಗೆ:
ಐಸಿ ಈಗಲೇ ತರಿಸಬೇಡಿ. ಆ ಐಸಿಗೆ ಒಳಗೇ ಉಷ್ಣ ರಕ್ಷಣೆ ಇದೆ, ಅತಿ ಬಿಸಿಯಾದರೆ ತಾನೇ ಕೆಲಸ ತಗ್ಗಿಸಿಕೊಳ್ಳುತ್ತೆ. ಬದುಕಿರುವ ಸಾಧ್ಯತೆಯೇ ಜಾಸ್ತಿ.

ಬೋರ್ಡಿನ ಮೇಲಿನ ಗುರುತನ್ನು ಮಾತ್ರ ನಂಬಬೇಡಿ. ಕೆಲವು ಬೋರ್ಡಿನಲ್ಲಿ ಅರ್ಧ ಕಪ್ಪು ವೃತ್ತ ಇರುತ್ತೆ, ಕೆಲವದರಲ್ಲಿ ಪ್ಲಸ್ ಮಾತ್ರ ಇರುತ್ತೆ, ಕೆಲವು ಕಡೆ ಗುರುತು ಮಾಸಿರುತ್ತೆ. ಕೆಪಾಸಿಟರ್ ತೆಗೆದು, ಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಯಾವ ತೂತು 4ನೇ ಕಾಲಿಗೆ ಸೇರುತ್ತೆ ಅಂತ ಬೀಪ್ ಮಾಡಿ ನೋಡಿ.

ದೂರದಬೆಟ್ಟ:
ಸುಮ್ನೆ ಓದುತ್ತಿದ್ದೆ, ಈಗ ನನಗೇ ಎದೆ ಹೊಡೆದುಕೊಳ್ಳುತ್ತಿದೆ. ಬೇಗ ಹೇಳಿ ತಂತಿಮನೆ.

ತಂತಿಮನೆ:
ಉಲ್ಟಾ! ಉಲ್ಟಾನೇ ಹಾಕಿದ್ದೆ!

ಹೇಗಾಯಿತು ಅಂತ ಹೇಳುತ್ತೇನೆ. ಕಿತ್ತುಹಾಕುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿದ್ದೆ. ಆದರೆ ಈ 1000 ಮೈಕ್ರೊಫ್ಯಾರಡ್‌ನದು ಹೀಟ್‌ಸಿಂಕಿನ ಮರೆಯಲ್ಲಿತ್ತು, ಫೋಟೊದಲ್ಲಿ ತಲೆ ಮಾತ್ರ ಕಾಣುತ್ತೆ. ಪಕ್ಕದ ಮೂರೂ ಕೆಪಾಸಿಟರಿನ ಬಿಳಿ ಪಟ್ಟಿ ಎಡಕ್ಕೆ ಇತ್ತು. ಇದೂ ಎಡಕ್ಕೇ ಇರಬೇಕು ಅಂತ ಹಾಗೇ ನಿಲ್ಲಿಸಿದೆ. ಬೀಪ್ ಮಾಡಿ ನೋಡಿದರೆ ಇದೊಂದು ಮಾತ್ರ ತಿರುಗಿ ನಿಲ್ಲಬೇಕಿತ್ತು.

ತೆಗೆದಾಗ ಅದರ ತಲೆ ಉಬ್ಬಿತ್ತು. ಮೇಲಿನ ಕೂಡುಗೆರೆ ಇನ್ನೇನು ಬಿರಿಯುವ ಹಾಗಿತ್ತು. ಪ್ಲಾಸ್ಟಿಕ್ ಹೊದಿಕೆ ಮೇಲ್ಗಡೆ ಸುರುಟಿಕೊಂಡಿದೆ. ಎರಡು ದಿನ ಇದರ ಎದುರೇ ಕೂತಿದ್ದೆ.

ಹೊಸದು ಹಾಕಲಾ, ಇದನ್ನೇ ತಿರುಗಿಸಿ ಹಾಕಲಾ?

27ಮೆಗಾ:
ಹೊಸದು. ಒಮ್ಮೆ ಉಲ್ಟಾ ಬೆಂದದ್ದನ್ನು ಮತ್ತೆ ಹಾಕಬೇಡಿ. 16 ವೋಲ್ಟಿನದು ನಡೆಯುತ್ತೆ, 25 ಇದ್ದರೆ ಇನ್ನೂ ನೆಮ್ಮದಿ. ಉಳಿದ ಹದಿಮೂರರ ಪ್ಲಸ್ ಮೈನಸ್ ಕೂಡ ಈಗಲೇ ಒಂದೊಂದಾಗಿ ನೋಡಿ.

ಕಾಗೆಬಂಗಾರ:
ಸಪ್ಲೈ ವೈರಿನಲ್ಲಿ ಆಂಪಿಯರ್ ಮೀಟರ್ ಇಟ್ಟುಕೊಂಡು ಆನ್ ಮಾಡಿ. ಸ್ಕ್ವೆಲ್ಚ್ ಮುಚ್ಚಿ ಸುಮ್ಮನಿದ್ದಾಗ ಅರ್ಧ ಆಂಪಿಯರ್ ಒಳಗೇ ಇರಬೇಕು. ಜಾಸ್ತಿ ಕಂಡರೆ ತಕ್ಷಣ ಆಫ್.

ಮೌನಚಾನೆಲ್:
ನಮ್ಮಲ್ಲಿ ಬಂತು! ಪಿಎ ಸ್ವಿಚ್ ಅಲ್ಲ, ಜ್ಯಾಕು. ಹಳೆ ಇಯರ್‌ಫೋನಿನ ಪಿನ್ನಿಗೆ ಒಂದು ಹನಿ ಕ್ಲೀನರ್ ಹಾಕಿ ಹತ್ತು ಸಲ ಚುಚ್ಚಿ ತೆಗೆದೆ. ಹತ್ತನೇ ಸಲ ತೆಗೆದ ಕೂಡಲೇ ಸ್ಪೀಕರಿನಿಂದ ಭರ್ರ್ ಅಂತ ಸದ್ದು. ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಧೂಳು ಹೊಡೆದಿದ್ದೇ ಆ ನಾಲಿಗೆಯ ಮೇಲೆ ಕೂತಿತ್ತೇನೋ.

ಕಾಗೆಬಂಗಾರ:
ಭಲೇ. ನೆನಪಿರಲಿ, ಅಲ್ಲಿಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ. ಎಣ್ಣೆ ಉಳಿದು ಧೂಳು ಹಿಡಿಯುತ್ತೆ.

ತಂತಿಮನೆ:
ಹೊಸ ಕೆಪಾಸಿಟರ್ ಹಾಕಿದೆ. ಈ ಸಲ ಪ್ಲಸ್ ಕಡೆಗೆ ಮಾರ್ಕರಿನಲ್ಲಿ ಕೆಂಪು ಚುಕ್ಕೆ ಇಟ್ಟುಕೊಂಡೇ ಹಾಕಿದೆ. ಉಳಿದ ಹದಿಮೂರೂ ಸರಿಯಾಗಿವೆ. 4ನೇ ಕಾಲಿನಲ್ಲಿ ಈಗ 6.4, ಅಲ್ಲೇ ನಿಂತಿದೆ. ಹೀಟ್‌ಸಿಂಕ್ ತಣ್ಣಗಿದೆ. ಮೀಟರಿನಲ್ಲಿ 0.3 ಆಂಪಿಯರ್.

ಹರಿದ ದನಿ ಪೂರ್ತಿ ಹೋಯಿತು! ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕಿ ಮಾತಾಡಿದೆ, ಮೇಜಿನ ಆ ಕಡೆ ಇದ್ದ ಗೆಳೆಯನ ಸೆಟ್ಟಿನಲ್ಲಿ ನನ್ನ ದನಿ ಸ್ಪಷ್ಟವಾಗಿ ಬರುತ್ತಿದೆ.

ಆದರೆ ನನಗೆ ಕೇಳುವ ದನಿ ಇನ್ನೂ ಕಂಬಳಿ ಒಳಗೇ ಇದೆ. ಜೋರಾಗಿದೆ, ಒಡೆಯುತ್ತಿಲ್ಲ, ಆದರೆ ಸ, ಶ, ಚ ಯಾವುದೂ ಕಿವಿಗೆ ಬೀಳುವುದಿಲ್ಲ. ಸ್ಪೀಕರ್ ಒಮ್ಮೊಮ್ಮೆ ನಿಲ್ಲುವುದೂ ಹಾಗೇ ಇದೆ.

ದೂರದಬೆಟ್ಟ:
ಅರ್ಧ ಗೆದ್ದಿರಿ! ಡಮ್ಮಿ ಲೋಡ್ ಹಾಕಿದ್ದು ಬಹಳ ಒಳ್ಳೇದು ಮಾಡಿದಿರಿ. ಆಂಟೆನಾ ಇಲ್ಲದೆ ಬಟನ್ ಒತ್ತಿ ಫೈನಲ್ ಟ್ರಾನ್ಸಿಸ್ಟರ್ ಕಳೆದುಕೊಂಡವರು ಎಷ್ಟೋ ಜನ. 50 ಓಮಿನ ಲೋಡ್ ಮೇಜಿನ ಮೇಲೆ ಯಾವಾಗಲೂ ಇರಬೇಕು.

ಶ್ರುತಿಪೆಟ್ಟಿಗೆ:
ಕಳಿಸುವ ದನಿ ಸ್ಪಷ್ಟ, ಕೇಳುವ ದನಿ ಮಾತ್ರ ಮಂಕು. ಹಾಗಾದರೆ ಐಸಿ, ಟ್ರಾನ್ಸ್‌ಫಾರ್ಮರ್ ಇವೆರಡನ್ನೂ ಬಿಡಿ. ಈಗ ಉಳಿದ ಜಾಗ ರೇಡಿಯೊ ಅಲೆಯಿಂದ ದನಿ ಬೇರ್ಪಡಿಸುವ ಡಿಟೆಕ್ಟರ್ ಡಯೋಡಿನಿಂದ ವಾಲ್ಯೂಮ್ ಕಂಟ್ರೋಲ್‌ವರೆಗೆ.

ಅಲೆಮಾರಿ_ಸಿಬಿ:
ಎಎನ್‌ಎಲ್ (ಗದ್ದಲ ತಗ್ಗಿಸುವ ಸ್ವಿಚ್) ಆನ್ ಇದೆಯಾ? ಅದೂ ದನಿಯ ಮೇಲಿನ ತುದಿ ಕತ್ತರಿಸುತ್ತೆ. ನನ್ನ ಗಾಡಿಯಲ್ಲಿ ಎಂಜಿನ್ ಸದ್ದಿಗೆ ಅದನ್ನು ಹಾಕಿಕೊಂಡೇ ಓಡಿಸುತ್ತೇನೆ, ಮನೆಯಲ್ಲಿ ತೆಗೆದರೆ ಎಷ್ಟು ಹಗುರ ಅನ್ನಿಸುತ್ತೆ.

ತಂತಿಮನೆ:
ಎಎನ್‌ಎಲ್ ಎರಡೂ ಕಡೆ ಮಾಡಿ ನೋಡಿದೆ ಅಣ್ಣ. ಆನ್ ಮಾಡಿದರೆ ಇನ್ನೂ ಸ್ವಲ್ಪ ಮಂಕು, ಆಫ್ ಮಾಡಿದರೂ ಕಂಬಳಿಯೇ.

ಟಕಟಕ:
ವಾಲ್ಯೂಮ್ ಕಂಟ್ರೋಲ್ ಬದಲಾಯಿಸಿ. ಕ್ಲೀನರ್ ಹೊಡೆದದ್ದೇ ಕೆಟ್ಟಿರಬಹುದು.

ಹಳೇಬೆಸುಗೆ:
ವಾಲ್ಯೂಮ್ ಕಂಟ್ರೋಲ್ ಕೆಟ್ಟರೆ ಕರಕರ ಬರುತ್ತೆ, ಇಲ್ಲವೇ ದನಿ ಬಿಟ್ಟು ಬಿಟ್ಟು ಬರುತ್ತೆ. ಮಂಕಾಗುವುದಿಲ್ಲ. ಆದರೂ ಮುಂದೆ ಯಾರಾದರೂ ಬದಲಾಯಿಸುವುದಿದ್ದರೆ ಲಾಗ್ ಮಾದರಿಯದ್ದನ್ನೇ ಹಾಕಿ, ಲೀನಿಯರ್ ಬೇಡ. ಲೀನಿಯರ್ ಹಾಕಿದರೆ ಶುರುವಿನಲ್ಲೇ ದನಿ ಬಹಳ ಏರಿಬಿಡುತ್ತೆ, ಆಮೇಲೆ ತಿರುಗಿಸಿದರೆ ಅಷ್ಟಾಗಿ ಏರಿದ ಹಾಗೆ ಅನ್ನಿಸುವುದಿಲ್ಲ.

ತಂತಿಮನೆ, ಎರಡು ಭಾಗ ಮಾಡಿ ನೋಡೋಣ. ಮೊಬೈಲಿನ ಹೆಡ್‌ಫೋನ್ ಜ್ಯಾಕಿನಿಂದ ಮಾತಿನ ರೆಕಾರ್ಡಿಂಗ್ ಹಾಕಿ. ದನಿಯ ತಂತಿಗೆ ಸಾಲಾಗಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟು, ಗ್ರೌಂಡನ್ನು ಚಾಸಿಗೆ ಕೊಟ್ಟು, ವಾಲ್ಯೂಮ್ ಕಂಟ್ರೋಲಿನ ನಡು ಕಾಲಿಗೆ ಮುಟ್ಟಿಸಿ. ಮೊಬೈಲಿನ ದನಿ ಕಡಿಮೆಯಿಂದ ಶುರು ಮಾಡಿ. ಅಲ್ಲಿ ಸ್ಪಷ್ಟ ಬಂದರೆ ತಪ್ಪು ಅದರ ಹಿಂದೆ ಇದೆ.

ತಂತಿಮನೆ:
ಸ್ಪಷ್ಟವಾಗಿ ಬರುತ್ತಿದೆ. ಸುದ್ದಿ ಓದುವವರ ಒಂದೊಂದು ಅಕ್ಷರ ಕೇಳಿಸಿತು. ನಿಮ್ಮ ಮಾತಿನಂತೆ ವಾಲ್ಯೂಮಿನ ಹಿಂದೆಯೇ.

ಆದರೆ ಅಲ್ಲಿ ಇರುವ ಎಲೆಕ್ಟ್ರೊಲಿಟಿಕ್ ಎರಡೇ, ಎರಡನ್ನೂ ಮತ್ತೆ ನೋಡಿದೆ. ಮೈಕ್ರೊಫ್ಯಾರಡ್ ಅಳತೆ ಸರಿ, ದಿಕ್ಕು ಸರಿ.

ದೂರದಬೆಟ್ಟ:
ನಿಲ್ಲಿ, ನಿಲ್ಲಿ. ನಿಮ್ಮ ಮೊದಲ ಬರಹ ಮತ್ತೆ ಓದಿದೆ. ಒಂದು ಸೆರಾಮಿಕ್ ಕೆಪಾಸಿಟರಿನ ಕಾಲು ಮುರಿಯಿತು, ಹೊಸದು ಹಾಕಿದೆ ಅಂತ ಬರೆದಿದ್ದೀರಿ. ಅದು ಎಲ್ಲಿತ್ತು? ಅದರ ಮೇಲೆ ಏನು ಬರೆದಿತ್ತು?

ಶ್ರುತಿಪೆಟ್ಟಿಗೆ:
ಆಹಾ, ದೂರದಬೆಟ್ಟ ಅವರೇ! ನಾವೆಲ್ಲ ಅದನ್ನು ದಾಟಿ ಬಂದುಬಿಟ್ಟಿದ್ದೆವು.

ತಂತಿಮನೆ:
ಡಯೋಡಿನ ಪಕ್ಕದಲ್ಲೇ ಇತ್ತು. ಹಳೆಯದು ಡಬ್ಬಿಯಲ್ಲಿದೆ, ಇರಿ.

ಭೂತಗನ್ನಡಿ ಹಿಡಿದು ನೋಡಿದೆ. ಹಳೆಯದರ ಮೇಲೆ 472. ನಾನು ಹಾಕಿದ್ದರ ಮೇಲೆ 473. ಅಕ್ಷರ ಮಾಸಿತ್ತು, ಕೊನೆಯ ಅಂಕಿ 2ರ ಬಾಲ ಅಳಿಸಿ 3ರ ಹಾಗೆ ಕಂಡಿತ್ತು. ಒಂದು ಅಂಕಿಗೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಶ್ರುತಿಪೆಟ್ಟಿಗೆ:
ಹತ್ತು ಪಟ್ಟು. ಕೊನೆಯ ಅಂಕಿ ಅಂದರೆ ಮುಂದೆ ಎಷ್ಟು ಸೊನ್ನೆ ಅಂತ. 472 ಅಂದರೆ 47ರ ಮುಂದೆ ಎರಡು ಸೊನ್ನೆ, 4700 ಪಿಕೊಫ್ಯಾರಡ್. 473 ಅಂದರೆ 47000.

ಅಲ್ಲಿ ಅದರ ಕೆಲಸ ಡಿಟೆಕ್ಟರಿನಿಂದ ಬರುವ ರೇಡಿಯೊ ಅಲೆಯ ಪುಡಿಯನ್ನು ಗ್ರೌಂಡಿಗೆ ಇಳಿಸಿ ದನಿಯನ್ನು ಉಳಿಸುವುದು. ಲೆಕ್ಕಕ್ಕೆ 10 ಕಿಲೊಓಮ್ ರೆಸಿಸ್ಟರ್ ಜೊತೆ ಇಟ್ಟು ನೋಡಿ. 4700 ಇದ್ದರೆ ಸುಮಾರು 3400 ಹರ್ಟ್ಸ್‌ವರೆಗೆ ದನಿ ಉಳಿಯುತ್ತೆ, ಮಾತಿಗೆ ಅಷ್ಟು ಸಾಕು. 47000 ಹಾಕಿದರೆ 340 ಹರ್ಟ್ಸ್‌ಗೇ ಇಳಿಯಲು ಶುರು. ಸ, ಶ, ಚ ಇವುಗಳ ಜೀವ ಇರುವುದೇ ಮೇಲಿನ ತುದಿಯಲ್ಲಿ. ಅವೆಲ್ಲ ನೇರ ಗ್ರೌಂಡಿಗೆ ಹೋಗುತ್ತಿವೆ. ನಿಮ್ಮ ಕಂಬಳಿ ಅದೇ.

27ಮೆಗಾ:
ಮಾಸಿದ ಅಂಕಿಯನ್ನು ಕಣ್ಣಿನಿಂದ ಓದಬೇಡಿ, ಮೀಟರಿನಿಂದ ಅಳೆಯಿರಿ. ಮುರಿದ ಕಾಲಿಗೆ ತುಂಡು ತಂತಿ ಬೆಸೆದರೂ ಅಳತೆಗೆ ಸಾಕು. ನಾನು ಮೊದಲಿನಿಂದ ಹೇಳುತ್ತಿರುವುದು ಇದನ್ನೇ.

ಕಾಗೆಬಂಗಾರ:
ಈಗ ಒಪ್ಪಿದೆ ಸ್ವಾಮಿ. ಅಳತೆ ವಿಷಯದಲ್ಲಿ ನೀವು ಸರಿ. ಹಳೆ ಎಲೆಕ್ಟ್ರೊಲಿಟಿಕ್ ತೆಗೆಯುವ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಆ ಸೆಟ್ಟಿನ ದನಿ ಮೊದಲೇ ಕಡಿಮೆ ಇತ್ತು ಅಂತ ಅವರೇ ಬರೆದಿದ್ದಾರೆ.

27ಮೆಗಾ:
ಇರಲಿ, ಆ ಹದಿನಾಲ್ಕರಲ್ಲಿ ಎಷ್ಟು ನಿಜವಾಗಿ ಕೆಟ್ಟಿದ್ದವು ಅಂತ ಇಎಸ್‌ಆರ್ ಮೀಟರ್ ಇರುವವರ ಹತ್ತಿರ ಅಳೆಸಿ ಹೇಳಲಿ. ಹಳೆಯವು ಡಬ್ಬಿಯಲ್ಲೇ ಇವೆಯಂತೆ.

ಟಕಟಕ:
ಇದು ಕಲಿಯಬೇಕಾದದ್ದೇ. 472, 473 ನಾನು ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಇವತ್ತೇ ಬೇರೆ ಮಾಡುತ್ತೇನೆ.

ತಂತಿಮನೆ:
472 ಹಾಕಿದೆ. ಕಂಬಳಿ ತೆಗೆದು ಕಿಟಕಿ ತೆರೆದ ಹಾಗಾಯಿತು. ಗೆಳೆಯ ಪಕ್ಕದ ಕೋಣೆಯಿಂದ "ಶಂಖ, ಚಕ್ರ, ಸಕ್ಕರೆ" ಅಂತ ಹೇಳುತ್ತಾ ಹೋದ, ಒಂದೂ ತಪ್ಪಲಿಲ್ಲ.

ಇನ್ನು ಉಳಿದಿದ್ದು ಸ್ಪೀಕರ್ ನಿಲ್ಲುವುದು.

ಅಲೆಮಾರಿ_ಸಿಬಿ:
ಅದನ್ನು ನಾನು ಹೇಳುತ್ತೇನೆ ಕೇಳಿ. ಸೆಟ್ ತಟ್ಟಬೇಡಿ. ಸೆಟ್ಟನ್ನು ಮೇಜಿನ ಮೇಲೆ ಬಿಟ್ಟು, ಮೈಕಿನ ವೈರು ಮಾತ್ರ ಪ್ಲಗ್ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ದನಿ ಹೋಗಿ ಬಂದರೆ ಅಲ್ಲೇ ಇದೆ. ನೀವು ಆ ಪ್ಲಗ್ ಬೆಸೆದಿದ್ದೀರಿ. ಮೈಕ್ ಇಲ್ಲದಿದ್ದರೆ ಸೆಟ್ ಮೂಕ ಅಂತ ಆಗಲೇ ಹೇಳಿದೆನಲ್ಲ, ಅದೇ ದಾರಿ.

ಹಳೇಬೆಸುಗೆ:
ಸರಿಯಾಗಿ ಹೇಳಿದಿರಿ. ಸಾಮಾನ್ಯವಾಗಿ ಕಾಣುವ ನಾಲ್ಕು ಪಿನ್ನಿನ ಜೋಡಣೆಯಲ್ಲಿ 1 ಶೀಲ್ಡ್, 2 ದನಿ, 3 ಟ್ರಾನ್ಸ್‌ಮಿಟ್, 4 ರಿಸೀವ್. ತಯಾರಕರಿಂದ ತಯಾರಕರಿಗೆ ಬದಲಾಗುತ್ತೆ, ನಿಮ್ಮ ಸೆಟ್ಟಿನ ಸರ್ಕಿಟ್ ನಕ್ಷೆ ನೋಡಿಕೊಳ್ಳಿ. ನಿಮ್ಮದು ಹೀಗೇ ಇದ್ದರೆ 4ನೇ ಪಿನ್ ಬಿಚ್ಚಿ ನೋಡಿ. ಬೆಸುಗೆ ಹೊಳೆಯುತ್ತಾ ತಂತಿಗೆ ಅಂಟಿ ಹರಿದಿರಬೇಕು. ಮಸುಕಾಗಿ ಗುಂಡಗೆ ಕೂತಿದ್ದರೆ ಅದು ಒಣ ಬೆಸುಗೆ. ಮೇಲೆ ಮೇಲೆ ಬಿಸಿ ಮಾಡಬೇಡಿ. ಹಳೇ ಬೆಸುಗೆ ಹೀರಿ ತೆಗೆದು, ಪಿನ್ ಕೆರೆದು, ಫ್ಲಕ್ಸ್ ಹಚ್ಚಿ, ಪಿನ್‌ಗೂ ತಂತಿಗೂ ಬೇರೆ ಬೇರೆ ಬೆಸುಗೆ ಬಳಿದು ಆಮೇಲೆ ಸೇರಿಸಿ.

ಪ್ಲಗ್ಗನ್ನು ಒಂದು ಹಳೆಯ ಸಾಕೆಟ್ಟಿಗೆ ಸಿಕ್ಕಿಸಿಕೊಂಡು ಬೆಸೆಯಿರಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ವಾರೆಯಾಗುವುದಿಲ್ಲ.

ದೂರದಬೆಟ್ಟ:
ವೈರಿಗೆ ಆಸರೆ ಕೊಡುವ ಕ್ಲಾಂಪ್ ಬಿಗಿ ಮಾಡುವುದು ಮರೆಯಬೇಡಿ. ಅದು ಸಡಿಲ ಇದ್ದರೆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತೆ. ಮೊದಲು ಅಲ್ಲೇ ಸೀಳಿದ್ದು ಅದಕ್ಕೇ ಇರಬೇಕು.

ತಂತಿಮನೆ:
4ನೇ ಪಿನ್ನೇ. ಬೂದು ಬಣ್ಣದ ಗುಂಡು ಕೂತಿತ್ತು. ಉಗುರಿನಿಂದ ತಳ್ಳಿದೆ, ತಂತಿ ಹಾಗೇ ಈಚೆ ಬಂತು. ಒಳಗೆ ತಂತಿಯ ಆಕಾರದ ತೂತು ಮಾತ್ರ ಉಳಿದಿತ್ತು, ಬೆಸುಗೆ ತಂತಿಗೆ ಅಂಟಿಯೇ ಇರಲಿಲ್ಲ. ಹೇಳಿದ ಹಾಗೆ ಕೆರೆದು ಮತ್ತೆ ಬೆಸೆದೆ, ಕ್ಲಾಂಪ್ ಬಿಗಿ ಮಾಡಿದೆ. ಒಂದು ಗಂಟೆಯಿಂದ ಆನ್ ಇದೆ, ವೈರು ಹೇಗೆ ತಿರುಚಿದರೂ ನಿಲ್ಲುತ್ತಿಲ್ಲ.

ನಾಳೆ ಗಾಡಿಗೆ ಹಾಕುತ್ತೇನೆ.

ಅಲೆಮಾರಿ_ಸಿಬಿ:
ಹಾಕುವಾಗ ಪ್ಲಸ್ ಮೈನಸ್ ಎರಡೂ ವೈರನ್ನು ನೇರ ಬ್ಯಾಟರಿಗೆ ಎಳೆಯಿರಿ, ಎರಡಕ್ಕೂ ಬ್ಯಾಟರಿ ಹತ್ತಿರ ಫ್ಯೂಸ್ ಹಾಕಿ. ಸಿಕ್ಕಿದ ವೈರಿಗೆ ಜೋಡಿಸಿದರೆ ಆಲ್ಟರ್ನೇಟರಿನ ಕುಯ್ಯ್ ಸದ್ದು ಕೂಡಿಕೊಳ್ಳುತ್ತೆ. ಎಂಜಿನ್ ಏರಿಸಿದಂತೆ ಸದ್ದೂ ಏರಿದರೆ ಅದೇ ಅಂತ ತಿಳಿಯಿರಿ. ಆಗ ಸೆಟ್ ಮತ್ತೆ ಬಿಚ್ಚಬೇಡಿ, ವೈರು ನೋಡಿ.

ತಂತಿಮನೆ:
ಖಂಡಿತ ಅಣ್ಣ. ಹಾಕಿ ಬಂದು ಹೇಳುತ್ತೇನೆ. ಹಳೆಯ ಹದಿನಾಲ್ಕನ್ನೂ ಅಳೆಸುತ್ತೇನೆ, 27ಮೆಗಾ ಮತ್ತು ಕಾಗೆಬಂಗಾರ ಇಬ್ಬರೂ ಕಾಯುತ್ತಿದ್ದಾರೆ ಅಂತ ಗೊತ್ತು.

ತಂತಿಮನೆ:
ಗಾಡಿಯಲ್ಲಿ ಕೂತಿದೆ. ಎಂಜಿನ್ ಆನ್ ಮಾಡಿದರೂ ಕುಯ್ಯ್ ಇಲ್ಲ. 19ನೇ ಚಾನೆಲ್‌ನಲ್ಲಿ ಇಬ್ಬರು ಉತ್ತರ ಕೊಟ್ಟರು, ದನಿ ಚೆನ್ನಾಗಿದೆ ಅಂದರು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿದೆ.

ಹಳೆಯ ಕೆಪಾಸಿಟರುಗಳ ಲೆಕ್ಕ: 14ರಲ್ಲಿ 5 ಪೂರ್ತಿ ಒಣಗಿದ್ದವು, 9 ಇನ್ನೂ ಚೆನ್ನಾಗಿವೆ.

27ಮೆಗಾ:
ಒಂಬತ್ತು ಚೆನ್ನಾಗಿದ್ದವು ನೋಡಿ.

ಕಾಗೆಬಂಗಾರ:
ಐದು ಒಣಗಿದ್ದವು ನೋಡಿ.